ಅಡಿಯ ಹಾಳೆ

ನನ್ನ ಬಟ್ಟೆಯಂಗಡಿಯ ಬೋರ್ಡಿನ ಅಕ್ಷರಗಳು ಇವತ್ತೋ ನಾಳೆಯೋ ಕೆಳಗೆ ಬೀಳುತ್ತವೆ ಎಂದು ಮೊದಲ ದಿನವೇ ಜಗಳ ತೆಗೆದವನು ನಾನು. ನೆಟ್ಟಗೆ ನಿಲ್ಲಬೇಕಾದ ಅಕ್ಷರಗಳೆಲ್ಲ ಬಲಕ್ಕೆ ವಾಲಿಕೊಂಡು, ಸಂತೆಗೆ ಹೊತ್ತಾಯಿತೆಂದು ಹೊರಟವರ ಹಾಗೆ ಮುಂದಕ್ಕೆ ಬಾಗಿದ್ದವು. ಅಷ್ಟೇ ಆಗಿದ್ದರೆ ಸುಮ್ಮನಿರುತ್ತಿದ್ದೆನೋ ಏನೋ. ಒಳಗೆ ಬಣ್ಣವೇ ಇರಲಿಲ್ಲ. ಸುತ್ತ ಒಂದು ತೆಳ್ಳನೆಯ ನೀಲಿ ಗೆರೆ, ನಡುವೆ ಬರೀ ಹಲಗೆಯ ಬಿಳಿ.

"ಲಾಲ್ ಅಹ್ಮದ್, ಇದೇನೋ ಇದು? ಉಪವಾಸ ಬಿದ್ದ ಅಕ್ಷರ ಬರದೀಯಲ್ಲ. ಒಳಗ ಬಣ್ಣ ಎಲ್ಲಿ?" ಎಂದೆ.

ಅವನು ಏಣಿಯ ಮೇಲಿಂದ ಇಳಿಯದೆಯೇ, "ಒಳಗ ಗಾಳಿ ಆಡ್ಲಿ ಬಿಡ್ರಿ ಸಾವಕಾರ್ರ," ಎಂದ. "ತುಂಬಿದ ಅಕ್ಷರ ಮಂದಿ ಒಮ್ಮೆ ಓದಿ ಮುಂದ ಹೋಗ್ತಾರ. ಇದನ್ನ ನಿಂತು ನೋಡ್ತಾರ."

ನಿಂತು ನೋಡಿದರು ಎಂಬುದು ಖರೆ. ಪ್ರತಿ ಅಕ್ಷರದ ಕೊನೆಗೆ ಅವನೊಂದು ಮೂರೆಸಳಿನ ಮೊಗ್ಗು ಇಟ್ಟಿದ್ದ. ಅದನ್ನು ಎಣಿಸಲೆಂದೇ ಜನ ಅಂಗಡಿಯ ಮುಂದೆ ನಿಲ್ಲುತ್ತಿದ್ದರು, ನಿಂತವರಲ್ಲಿ ಇಬ್ಬರು ಒಳಗೂ ಬರುತ್ತಿದ್ದರು. ಇದು ನಲವತ್ತೇಳರ ಮಾತು. ನಿಜಾಮರ ಕಾಲ ಇನ್ನೂ ಮುಗಿದಿರಲಿಲ್ಲ, ಕಲ್ಯಾಣದ ಪೇಟೆಯಲ್ಲಿ ಬೋರ್ಡೆಂದರೆ ಮೇಲೆ ಉರ್ದು, ಕೆಳಗೆ ಜಾಗ ಉಳಿದರೆ ಕನ್ನಡ. ಲಾಲ್ ಅಹ್ಮದ್ ಉರ್ದುವನ್ನು ಅದಬಿನಿಂದ, ಮರ್ಯಾದೆಯಿಂದ ಬರೆಯುತ್ತಿದ್ದ, ಕನ್ನಡಕ್ಕೆ ಬಂದಾಗ ಅವನ ಕೈ ಆಟಕ್ಕೆ ಬಿಟ್ಟ ಹುಡುಗನ ಹಾಗೆ ಆಗುತ್ತಿತ್ತು. ಕನ್ನಡ ಓದುವುದು ಅವನಿಗೆ ಅಷ್ಟಕ್ಕಷ್ಟೆ. ನಾವು ಚೀಟಿಯಲ್ಲಿ ಬರೆದು ಕೊಟ್ಟದ್ದನ್ನು ನೋಡಿಕೊಂಡು ಚಿತ್ರ ತೆಗೆದ ಹಾಗೆ ತೆಗೆಯುತ್ತಿದ್ದ. ಆರು ತಿಂಗಳಲ್ಲಿ ಊರಿನ ಹತ್ತು ಅಂಗಡಿಗಳ ಮೇಲೆ ಆ ವಾಲಿದ ಪೊಳ್ಳು ಅಕ್ಷರ ಹತ್ತಿ ಕುಳಿತವು.

ಅವನು ಹಲಗೆಯ ಮೇಲೆ ನೇರವಾಗಿ ಬರೆಯುತ್ತಿರಲಿಲ್ಲ. ಮೊದಲು ಕಾಗದದ ಮೇಲೆ ಪೆನ್ಸಿಲಿನಿಂದ ಅಕ್ಷರ ತೆಗೆಯುತ್ತಿದ್ದ. ಆಮೇಲೆ ಅವನ ಹೆಂಡತಿ ಸರ್ವರಿ ಆ ಕಾಗದವನ್ನು ಮಡಿಸಿದ ಕಂಬಳಿಯ ಮೇಲೆ ಹಾಸಿ, ಗೆರೆಗುಂಟ ಸೂಜಿಯಿಂದ ತೂತು ಚುಚ್ಚುತ್ತ ಹೋಗುತ್ತಿದ್ದಳು. ಅದಕ್ಕೆ ಅವರು ಖಾಕಾ ಎನ್ನುತ್ತಿದ್ದರು. ಆ ಖಾಕಾವನ್ನು ಹಲಗೆಗೆ ಹಚ್ಚಿ ಇದ್ದಿಲ ಪುಡಿಯ ಬಟ್ಟೆಗಂಟಿನಿಂದ ಮೇಲೆ ತಟ್ಟಿದರೆ, ತೂತುಗಳ ಮೂಲಕ ಪುಡಿ ಇಳಿದು ಹಲಗೆಯ ಮೇಲೆ ಚುಕ್ಕಿಯ ಸಾಲು ಮೂಡುತ್ತಿತ್ತು. ಚುಕ್ಕಿಗೆ ಚುಕ್ಕಿ ಕೂಡಿಸಿ ಲಾಲ್ ಅಹ್ಮದ್ ಕುಂಚ ಎಳೆಯುತ್ತಿದ್ದ, ಒಣಗಿದ ಮೇಲೆ ಉಳಿದ ಇದ್ದಿಲನ್ನು ಹಳೆ ಬಟ್ಟೆಯಿಂದ ಒರೆಸಿಬಿಡುತ್ತಿದ್ದ. ಅವನ ಬೋರ್ಡಿನ ಮೇಲೆ ಒಂದು ಚುಕ್ಕಿಯನ್ನೂ ಯಾರೂ ಕಂಡವರಿಲ್ಲ.

ಒಮ್ಮೆ ಅವಸರಕ್ಕೆಂದು ಅವರ ಮನೆಗೇ ಹೋಗಿದ್ದೆ. ಕೋಟೆಯ ಹಿಂದಿನ ಗಲ್ಲಿಯಲ್ಲಿ ಒಂದೇ ಖೋಲಿಯ ಮನೆ. ಸರ್ವರಿ ಬಾಗಿಲ ಬೆಳಕಿನಲ್ಲಿ ಕುಳಿತು "ಏಕ್, ದೋ, ತೀನ್, ಚಾರ್" ಎಂದು ಬಾಯಲ್ಲೇ ಎಣಿಸುತ್ತ ಚುಚ್ಚುತ್ತಿದ್ದಳು. ನಾಲ್ಕನೆಯದಕ್ಕೆ ಸೂಜಿಯನ್ನು ಜೋರಾಗಿ ಒತ್ತುವುದು ಅವಳ ರೂಢಿ, ಆ ತೂತು ಉಳಿದವಕ್ಕಿಂತ ದಪ್ಪ. ಅಕ್ಷರ ಮುಗಿದಲ್ಲಿ ಮೂರು ತೂತು ಒತ್ತೊತ್ತಾಗಿ ಚುಚ್ಚಿ ಕೈ ತೆಗೆಯುವಳು.

"ಅದ್ಯಾಕ ಮೂರು?" ಎಂದು ಕೇಳಿದೆ.

"ಹೊಲಿಗಿ ಮುಗಿದ್ರ ಗಂಟು ಹಾಕೋದಿಲ್ಲೇನ್ರಿ ಅಣ್ಣಾ? ಕೈಗೆ ಅದ ರೂಢಿ ಆಗ್ಯದ," ಎಂದಳು.

ಲಾಲ್ ಅಹ್ಮದ್ ನಗುತ್ತ, "ನಾ ಆ ಗಂಟಿಗೆ ಮೊಗ್ಗು ಮಾಡ್ಯೇನ್ರಿ. ಊರ ಮಂದಿ ನನ್ನ ಹೊಗಳ್ತಾರ," ಎಂದ. ಅವನ ಹತ್ತೂ ಉಗುರಿನ ಸಂದಿಯಲ್ಲಿ ನೀಲಿ ಬಣ್ಣ. ಎಷ್ಟು ತೊಳೆದರೂ ಹೋಗುವುದಿಲ್ಲವೆಂದು ಸರ್ವರಿಯ ತಕರಾರು.

ಖಾಕಾ ಒಂದೇ ಸಲಕ್ಕೆ. ಬೋರ್ಡು ಮುಗಿದ ಸಂಜೆ ಅದು ಒಲೆಗೆ ಹೋಗಬೇಕು. ಒಬ್ಬರ ಅಕ್ಷರ ಇನ್ನೊಬ್ಬರ ಹಣೆಯ ಮೇಲೆ ಕೂರಬಾರದು ಎಂಬುದು ಅವನ ಕಟ್ಟಳೆ. ಸರ್ವರಿಯೇ ಕೈಯಾರೆ ಒಲೆಗೆ ಹಾಕುತ್ತಿದ್ದಳು. ಖಾಕಾದ ಅಡಿಗೆ ಇನ್ನೊಂದು ಬರಿ ಹಾಳೆ ಇಡುವುದಿತ್ತು, ಸೂಜಿ ಕಂಬಳಿಯ ಎಳೆಗೆ ಸಿಕ್ಕಬಾರದೆಂದು. ಆ ಅಡಿಯ ಹಾಳೆಯನ್ನು ಕುಂಚ ಒರೆಸಲು ಬೇಕೆಂದು ಲಾಲ್ ಅಹ್ಮದ್ ತೆಗೆದುಕೊಂಡು ಹೋಗುತ್ತಿದ್ದ. ಇದನ್ನು ನಾನು ನೋಡಿದ್ದೆ. ನೋಡಿ ಮರೆತೂ ಬಿಟ್ಟಿದ್ದೆ, ಅದರಲ್ಲಿ ನೆನಪಿಡುವಂಥದ್ದೇನಿತ್ತು?

ಇನ್ನೊಂದು ಮಾತು. ಒಂದು ದಿನ ಅವನು ಅಂಗಡಿಗೆ ಬಂದು, ಯಾವಾಗಿಲ್ಲದೆ ಸಂಕೋಚದಿಂದ ಕೇಳಿದ. "ಸಾವಕಾರ್ರ, ಈ ಅಕ್ಷರ ಕಟ್ಟಿಗ್ಯಾಗ ಕೊರಸಿದ್ರ ಹ್ಯಾಂಗ? ಗುಲಬರ್ಗಾದಾಗ ಛಾಪಖಾನೆಯವರು ಅದಾರಂತ. ಜಾಹೀರಾತಿಗೆ ದೊಡ್ಡ ಅಕ್ಷರ ಬೇಕಾಗ್ತಾವಂತ."

ನಾನು ನಕ್ಕೆ. "ಬೀಳೋ ಅಕ್ಷರದಾಗ ಯಾರು ಲಗ್ನಪತ್ರಿಕಿ ಹಾಕಸ್ತಾರೋ?" ಎಂದೆ. ಅವನೂ ನಕ್ಕು ಹೋದ.

ಈಗ ನನ್ನ ಪಾಪದ ಮಾತಿಗೆ ಬರುತ್ತೇನೆ. ಸುತ್ತಿ ಬಳಸಿ ಹೇಳುವವನಲ್ಲ ನಾನು. ಅವನನ್ನು ಕಳಿಸಿದವನು ನಾನು.

ನಲವತ್ತೆಂಟರ ಸೆಪ್ಟೆಂಬರ್. ಮಿಲ್ಟ್ರಿ ಬಂತು, ನಿಜಾಮರು ಶರಣಾದರು, ರಜಾಕಾರರು ಓಡಿದರು. ಎಲ್ಲ ಮುಗಿಯಿತೆಂದು ನಾವು ಬಾಗಿಲು ತೆಗೆದು ಕುಳಿತೆವು. ಮುಗಿದದ್ದು ನಮ್ಮಂಥವರಿಗೆ, ಲಾಲ್ ಅಹ್ಮದನಂಥವರಿಗೆ ಅದು ಆಗ ಶುರುವಾಗುತ್ತಿತ್ತು. ಅದು ನನಗೆ ಗೊತ್ತಿರಲಿಲ್ಲ ಎಂದರೆ ಅರ್ಧ ಸುಳ್ಳು. ಸಾಬರ ಮೇಲೆ ಸೇಡು ತೀರಿಸಿಕೊಳ್ಳುತ್ತಿದ್ದಾರೆಂದು ಹಳ್ಳಿಗಳ ಕಡೆಯಿಂದ ಸುದ್ದಿ ಬರುತ್ತಿದ್ದವು. ಕೇಳಿಯೂ ಕಿವಿಗೆ ಹಾಕಿಕೊಂಡಿರಲಿಲ್ಲ. ಹುಮನಾಬಾದಿನಲ್ಲಿ ನನ್ನ ತಂಗಿಯ ಗಂಡ ದಿಗಂಬರ ದಸರೆಗೆ ಹೊಸ ಬಟ್ಟೆಯಂಗಡಿ ತೆರೆಯುವವನಿದ್ದ. ಬೋರ್ಡು ನನ್ನದರ ಹಾಗೆಯೇ ಬೇಕೆಂದು ಹಟ ಹಿಡಿದಿದ್ದ. ನನಗೂ ಅದೊಂದು ಹೆಮ್ಮೆ.

ನನ್ನ ಹೆಂಡತಿ ಸೂಗಮ್ಮ, "ಪಕ್ಷಮಾಸದಾಗ, ಹಿರಿಯಾರಿಗೆ ಎಡೆ ಇಡೋ ದಿನದಾಗ ಹೊಸ ಕೆಲಸ ಹಿಡೀತಾರೇನ್ರಿ?" ಎಂದಳು.

"ಬೋರ್ಡು ಬರಿಯಾಂವ ಸಾಬ. ಅವಗೆಲ್ಲಿ ಪಕ್ಷ?" ಎಂದೆ. ಈ ಮಾತು ನೆನಪಾದರೆ ಈಗಲೂ ನನ್ನ ನಾಲಗೆಯನ್ನು ಕಿತ್ತು ಒಗೆಯಬೇಕೆನ್ನಿಸುತ್ತದೆ.

ಲಾಲ್ ಅಹ್ಮದ್ ಬೇಡವೆಂದ. "ಹವಾ ಇನ್ನೂ ನೆಟ್ಟಗಾಗಿಲ್ಲರಿ. ಹತ್ತು ದಿನ ತಡೀರಿ. ರಾತ್ರಿ ಹಗಲು ಕುಂತು ಬರದು ಕೊಡ್ತೀನಿ."

"ನೀ ಕುಂಚ ಹಿಡಿಯಾಂವ. ನಿನ್ನ ಯಾರು ಏನು ಮಾಡ್ತಾರ?"

ಅವನು ಉಗುರಿನ ನೀಲಿ ಕೆರೆಯುತ್ತ ನಿಂತ. ನನಗೆ ಸಿಟ್ಟು ಬೇಗ ಬರುತ್ತದೆ, ಊರಿಗೆಲ್ಲ ಗೊತ್ತಿದ್ದದ್ದೇ. "ಆಗೋದಿಲ್ಲಂದ್ರ ಹೇಳಿಬಿಡು, ಗುಲಬರ್ಗಾದಿಂದ ಬ್ಯಾರೆಯವರನ್ನ ಕರಸ್ತೀನಿ. ನಿನ್ನ ಅಕ್ಷರ ಅವರೂ ನೋಡಿ ತೆಗೀತಾರ."

ಆ ಮಾತು ಅವನಿಗೆ ಚುಚ್ಚಿತು. ಮರುದಿನ ಬೆಳಿಗ್ಗೆ ನನ್ನ ಅಂಗಡಿಯ ಪಟ್ಟಾಪಟ್ಟಿ ಬಟ್ಟೆಯಿಂದ ಸರ್ವರಿ ಹೊಲಿದ ಕೈಚೀಲವನ್ನು ಹೆಗಲಿಗೆ ಹಾಕಿಕೊಂಡು ಬಂದ. "ಹೋಗಿ ಬರ್ತೀನ್ರಿ," ಎಂದ. ಬಸ್ಸುಗಳ ಓಡಾಟ ನಿಂತುಹೋಗಿತ್ತು. ನಡೆದೇ ಹೊರಟ. ಬುಧವಾರ, ಇಪ್ಪತ್ತೆರಡನೆಯ ತಾರೀಖು.

ಹುಮನಾಬಾದಿಗೆ ಅವನು ಮುಟ್ಟಲಿಲ್ಲ.

ನಾನು ಹುಡುಕದೆ ಬಿಡಲಿಲ್ಲ. ದಾರಿಯ ಊರುಗಳಲ್ಲಿ ಕೇಳಿದೆ, ಯಾರೂ ಬಾಯಿ ಬಿಡಲಿಲ್ಲ. ಮಿಲ್ಟ್ರಿಯವರ ಮುಂದೆ ಕೈಮುಗಿದು ನಿಂತೆ. ನಿರಾಶ್ರಿತರಿಗೆ ಗಂಜಿ ಹಾಕುವಲ್ಲಿ ಹೋಗಿ ಒಂದೊಂದೇ ಮುಖ ನೋಡಿದೆ. ಹೈದರಾಬಾದಿಗೆ ಓಡಿರಬಹುದು ಎಂದರು ಕೆಲವರು, ಕರಾಚಿಯ ಹಡಗು ಹತ್ತಿರಬಹುದು ಎಂದರು ಇನ್ನು ಕೆಲವರು. ಈ ಎರಡೂ ಮಾತನ್ನು ತಂದು ಸರ್ವರಿಗೆ ಹೇಳಿದೆ. ಅವಳು ಎರಡನ್ನೂ ಇಟ್ಟುಕೊಂಡಳು.

ಅವಳು ಟೊಪ್ಪಿಗೆ ಹೊಲಿದು ದಿನ ದೂಡಿದಳು. ಎಂಟು ದಿನಕ್ಕೊಮ್ಮೆ ಬಟ್ಟೆಯ ತುಂಡು ಒಯ್ಯಲು ಅಂಗಡಿಗೆ ಬರುವಳು. ಬಂದಾಗೊಮ್ಮೆ ಅದೇ ಪ್ರಶ್ನೆ, "ಹುಮನಾಬಾದದಿಂದ ಯಾರರೆ ಬಂದಿದ್ರೇನ್ರಿ ಅಣ್ಣಾ?" ನಾನು ಗದರಿದ ಹಾಗೆ "ಇಲ್ಲವಾ" ಎನ್ನುವೆ. ನೀವೇ ಕಳಿಸಿದ್ದಿರಿ ಎಂದು ಒಂದು ದಿನ, ಒಂದೇ ಒಂದು ದಿನ ಅಂದಿದ್ದರೆ ನನಗೆ ಹಗುರಾಗುತ್ತಿತ್ತು. ಅನ್ನಲಿಲ್ಲ. ಅವಳ ತಂದೆಯ ಕಡೆಯವರು ಬೇರೆ ಮದುವೆಯ ಮಾತೆತ್ತಿದರಂತೆ. "ಗಂಡ ಇರೋ ಹೆಂಗಸಿಗೆ ಎಂಥಾ ಲಗ್ನ," ಎಂದು ಕಳಿಸಿಬಿಟ್ಟಳಂತೆ.

ಹೀಗೆ ಒಂದೂವರೆ ವರ್ಷ ಹೋಯಿತು. ಐವತ್ತರ ಮಾರ್ಚಿನಲ್ಲಿ ತಂಗಿಯ ಮಗುವಿಗೆ ಹೆಸರಿಡುವುದಿತ್ತೆಂದು ಹುಮನಾಬಾದಿಗೆ ಹೋಗಿದ್ದೆ. ಬಸ್ಸಿಳಿದು ನಾಲ್ಕು ಹೆಜ್ಜೆ ಹಾಕಿ ತಲೆಯೆತ್ತಿದರೆ, ಎದುರಿಗೆ ಒಂದು ಹೊಸ ಚಹಾದಂಗಡಿ. ಮೇಲೆ ಬೋರ್ಡು, "ಸ್ವತಂತ್ರ ಹೋಟೆಲ್." ಅಕ್ಷರಗಳು ಬಲಕ್ಕೆ ವಾಲಿದ್ದವು. ಒಳಗೆ ಪೊಳ್ಳು. ಸುತ್ತ ನೀಲಿ ಗೆರೆ.

ಹೋಟೆಲ್ ಹೊಸದು, ಹೆಸರು ಹೊಸದು, ಬಣ್ಣ ಇನ್ನೂ ವಾಸನೆ ಹೊಡೆಯುತ್ತಿತ್ತು. ಹಳೆಯ ಖಾಕಾ ಒಂದೂ ಜಗತ್ತಿನಲ್ಲಿಲ್ಲ, ಎಲ್ಲ ಒಲೆಗೆ ಹೋಗಿವೆ. ಅಂದಮೇಲೆ ಈ ಅಕ್ಷರ ಹೊಸದಾಗಿ ತೆಗೆದದ್ದು. ಈ ಕೈ ಭೂಮಿಯ ಮೇಲೆ ಒಬ್ಬನಿಗೇ ಇತ್ತು.

ಒಳಗೆ ಹೋಗಿ ಹೋಟೆಲಿನವನನ್ನು ಕೇಳಿದೆ, ಬರೆದವನಾರು ಎಂದು. "ಹಣಮಂತ ಅಂತರಿ ಯಾರೋ. ಗುರುವಾರ ಬರ್ತಾನ, ಬಾಜೂದ ಹಲಗಿ ಬರಿಯೋದದ," ಎಂದ.

ಬುದ್ಧಿ ನೆಟ್ಟಗಿದ್ದವನಾದರೆ ಆ ಹೆಸರು ಕೇಳಿದ ಕೂಡಲೇ ತಣ್ಣಗಾಗಬೇಕಿತ್ತು. ನನಗೆ ಉಲ್ಟಾ ಆಯಿತು. ಆ ದಿನಗಳಲ್ಲಿ ಎಷ್ಟು ಜನ ಹೆಸರು ಬದಲಿಸಿಕೊಂಡು, ಹಣೆಗೆ ವಿಭೂತಿ ಬಳಿದುಕೊಂಡು ಜೀವ ಉಳಿಸಿಕೊಂಡಿರಲಿಲ್ಲ? ಇವನೂ ಹಾಗೇ ಮಾಡಿದ್ದಾನೆ, ಇನ್ನೂ ಹೆದರಿಕೊಂಡಿದ್ದಾನೆ, ಅದಕ್ಕೇ ಊರಿಗೆ ಬಂದಿಲ್ಲ. ಎಲ್ಲವೂ ಕೂಡಿ ಬಂತು. ಕೂಡಿಸಿಕೊಂಡವನು ನಾನೇ, ನನಗೆ ಅವನು ಬದುಕಿರುವುದು ಅಷ್ಟು ಬೇಕಾಗಿತ್ತು. ಹಣಮಂತ ಹೇಗಿದ್ದಾನೆ, ಕಪ್ಪೋ ಕೆಂಪೋ ಎಂದು ಒಂದು ಮಾತು ಕೇಳಲಿಲ್ಲ ನೋಡಿ. ಕೇಳಿದರೆ ಏನಾದೀತೋ ಎಂಬ ಅಂಜಿಕೆಯೂ ಒಳಗೆಲ್ಲೋ ಇದ್ದಿರಬೇಕು.

ಹೆಸರಿಡುವ ಊಟ ಬಿಟ್ಟು ಬಂದದ್ದಕ್ಕೆ ದಿಗಂಬರ ಇವತ್ತಿಗೂ ಆಡಿಕೊಳ್ಳುತ್ತಾನೆ. ಮಧ್ಯಾಹ್ನದ ಬಸ್ಸಿಗೇ ತಿರುಗಿ ಬಂದು, ಮನೆಗೂ ಹೋಗದೆ ಕೋಟೆ ಹಿಂದಿನ ಗಲ್ಲಿಗೆ, ಸರ್ವರಿಯ ಬಾಗಿಲಿಗೆ ಹೋದೆ.

"ಲಾಲ್ ಅಹ್ಮದ್ ಇದ್ದಾನ, ತಂಗಿ," ಎಂದೆ. "ನಾ ಅವನ ಅಕ್ಷರ ನೋಡಿ ಬಂದೀನಿ."

ಅವಳು ಕೈಯಲ್ಲಿದ್ದ ಟೊಪ್ಪಿಗೆಯನ್ನು ಕೆಳಗಿಟ್ಟಳು. ಎಲ್ಲವನ್ನೂ ಎರಡೆರಡು ಸಲ ಹೇಳಿಸಿದಳು. ಅಕ್ಷರ ವಾಲಿದ್ದು ಎಷ್ಟು, ಗೆರೆ ಎಷ್ಟು ತೆಳ್ಳಗೆ, ನೀಲಿ ಯಾವ ನೀಲಿ. ಆಮೇಲೆ, "ಖಾಕಾ ಯಾರು ಚುಚ್ಚಿ ಕೊಟ್ಟಿರಬೇಕ್ರಿ?" ಎಂದಳು.

ಈ ಪ್ರಶ್ನೆ ನನ್ನ ತಲೆಗೆ ಹೊಳೆದೇ ಇರಲಿಲ್ಲ. "ತಾನ ಚುಚ್ಚಿಕೊಂಡಿರಬೇಕು," ಎಂದೆ.

"ಅವರ ಕೈಲಿ ಅದು ಆಗೋದಿಲ್ಲ. ಹತ್ತು ತೂತು ಚುಚ್ಚೋದ್ರಾಗ ಹಾಳಿ ಹರಿತಿದ್ರು." ಅವಳು ಬಾಗಿಲಾಚೆ ನೋಡಿದಳು. "ಯಾರೋ ಒಬ್ಬಾಕಿ ಅದಾಳ. ಇರ್ಲಿ ಬಿಡ್ರಿ ಅಣ್ಣಾ. ಗಂಡಸು ಒಬ್ಬನ ಎಷ್ಟು ದಿನ ಇದ್ದಾನು? ಮೊದಲ ಇಬ್ಬರಿಗೂ ಬಾಯಿ ತುಂಬ ಬೈತೀನಿ. ಆಮ್ಯಾಲ ಮನಿಗೆ ನಡೀರಿ ಅಂತೀನಿ. ಆಕೀನೂ ಬರ್ಲಿ. ಜೀವ ಇದ್ರ ಸಾಕು."

ಗುರುವಾರದ ತನಕ ನಾಲ್ಕು ದಿನ ಇತ್ತು. ಆ ನಾಲ್ಕು ದಿನ ಅವಳು ಗಲ್ಲಿಯ ಬಾವಿಯ ಹತ್ತಿರ ಹೆಂಗಸರೊಡನೆ ನಗೆ ಚಾಟಿಕೆ ಮಾಡುತ್ತಿದ್ದಳೆಂದು ಸೂಗಮ್ಮ ಬಂದು ಹೇಳಿದಳು. ಆ ನಗೆ ನನ್ನ ಲೆಕ್ಕಕ್ಕೇ ಬರೆಯಬೇಕು.

ಗುರುವಾರ ಮೊದಲ ಬಸ್ಸಿಗೆ ಹೊರಟೆವು. ಅವಳು ಹಸಿರು ಸೀರೆ ಉಟ್ಟಿದ್ದಳು, ಗಂಟಿನಲ್ಲಿ ಅವನ ಒಗೆದ ಅಂಗಿಯೊಂದು, ಹೊಸ ಟೊಪ್ಪಿಗೆಯೊಂದು. ಬಸ್ಸಿನಲ್ಲಿ ಸುಮ್ಮನೆ ಕೂರಲಿಲ್ಲ. "ಅಂಗಿ ಸಡ್ಲ ಆಗ್ತದೇನೋ. ಬಡವಾಗಿರ್ತಾರ," ಎನ್ನುವಳು. ಸ್ವಲ್ಪ ಹೊತ್ತಿಗೆ "ಆ ಉಗುರು ಇನ್ನೂ ಹಂಗ ಇರ್ತಾವ ನೋಡ್ರಿ," ಎನ್ನುವಳು.

ಹುಮನಾಬಾದಿನಲ್ಲಿ ಇಳಿದು ಬೋರ್ಡು ತೋರಿಸಿದೆ. ಅವಳು ತಲೆಯ ಸೆರಗು ಹಿಂದೆ ಸರಿಸಿ ನೋಡಿದಳು. ಮುಖ ಅರಳಿತು. ಕನ್ನಡ ಅವಳಿಗೆ ಓದಲು ಬರುವುದಿಲ್ಲ, ಆದರೆ ಪ್ರತಿ ಅಕ್ಷರದ ಹೊಟ್ಟೆ ಬೆನ್ನು ಅವಳ ಸೂಜಿಗೆ ಗೊತ್ತು. ಬೆರಳಿನಿಂದ ಗಾಳಿಯಲ್ಲಿ ತಿದ್ದುತ್ತ ಹೋದಳು. ನಡುವೆ ಬೆರಳು ನಿಂತಿತು.

"ಮೊಗ್ಗು ಎಲ್ಲಿ ಅದಾವ್ರಿ ಅಣ್ಣಾ?"

ನಾನೂ ಆಗ ನೋಡಿದೆ. ಅಕ್ಷರದ ಕೊನೆಗೆ ಮೊಗ್ಗಿರಲಿಲ್ಲ. ಮೂರು ಬರಿ ನೀಲಿ ಚುಕ್ಕೆ ಇದ್ದವು.

"ಅವಸರದಾಗ ಬರದಿರಬೇಕು," ಎಂದೆ.

"ಮೊಗ್ಗು ಬಿಟ್ಟು ಅವರೆಂದೂ ಬರದಿಲ್ಲ. ನಿಚ್ಚಣಕಿ ಕೊಡಸ್ರಿ."

ಹೆಂಗಸು ಪೇಟೆಯ ನಡುವೆ ಏಣಿ ಹತ್ತುವುದೆಂದರೆ ಆಡುವ ಬಾಯಿಗೆ ಹಬ್ಬ. ಹೋಟೆಲಿನವನು ಗೊಣಗಿದ. ನಾನು ಅವನನ್ನೂ ಚಹಾ ಕುಡಿಯುವವರನ್ನೂ ಸೇರಿಸಿ ಬೈದು, ಅವನ ಏಣಿಯನ್ನೇ ಗೋಡೆಗೆ ಹಚ್ಚಿ ಕೆಳಗೆ ಹಿಡಿದು ನಿಂತೆ. ಅವಳು ಸೆರಗು ಬಿಗಿದು ಕಟ್ಟಿ ಹತ್ತಿದಳು. ಬೋರ್ಡಿಗೆ ಮುಖ ಹತ್ತಿರ ಒಯ್ದಳು. ಬರೆದವನು ಇದ್ದಿಲನ್ನು ಸರಿಯಾಗಿ ಒರೆಸಿರಲಿಲ್ಲ, ಗೆರೆಗುಂಟ ಕಪ್ಪು ಚುಕ್ಕಿಗಳು ಹಾಗೇ ಉಳಿದಿದ್ದವು. ಅವುಗಳ ಮೇಲೆ ಅವಳು ಬೆರಳಿಟ್ಟಳು. ಅವಳ ತುಟಿ ಅಲುಗಿದ್ದು ನನಗೆ ಕೆಳಗಿನಿಂದ ಕಂಡಿತು. ಏಕ್, ದೋ, ತೀನ್. ನಾಲ್ಕನೆಯದು ದಪ್ಪ. ಏಕ್, ದೋ, ತೀನ್. ನಾಲ್ಕನೆಯದು ದಪ್ಪ. ಹಾಗೆ ಒಂದು ಅಕ್ಷರದ ಕೊನೆಯ ತನಕ ಹೋದಳು.

ಎಷ್ಟು ಹೊತ್ತಾದರೂ ಇಳಿಯಲಿಲ್ಲ. "ತಂಗಿ," ಎಂದು ಕರೆದೆ.

ಇಳಿದಳು. ಕೊನೆಯ ಮೆಟ್ಟಿಲಿನ ಮೇಲೆಯೇ ಕುಳಿತುಬಿಟ್ಟಳು.

"ಚುಚ್ಚಿದಾಕಿ ನಾನ, ಅಣ್ಣಾ," ಎಂದಳು. "ಇದು ನನ್ನ ಸೂಜಿ."

"ಹ್ಯಾಂಗ ಆಗ್ತದ? ನೀನ ಎಲ್ಲಾ ಒಲಿಗೆ ಹಾಕೀದಿ."

"ಮ್ಯಾಲಿನವು ಹಾಕೀನಿ." ಅವಳು ತನ್ನ ಬೆರಳಿಗೆ ಹತ್ತಿದ ಇದ್ದಿಲನ್ನೇ ನೋಡುತ್ತಿದ್ದಳು. "ಅಡಿ ಹಾಳಿ ಹಾಕಿದ್ದಿಲ್ಲ."

ಆಗ ನನಗೆ ತಿಳಿಯಿತು. ಸೂಜಿ ಮೇಲಿನ ಹಾಳೆಯನ್ನು ತೂರಿ ಅಡಿಯ ಹಾಳೆಗೂ ಇಳಿಯುತ್ತಿತ್ತು. ಒಂದರಲ್ಲಿ ಎರಡು ಖಾಕಾ. ಮೇಲಿನದರಲ್ಲಿ ಅವನ ಪೆನ್ಸಿಲ್ ಗೆರೆಯೂ ಅವಳ ತೂತೂ ಇದ್ದವು, ಅಡಿಯದರಲ್ಲಿ ಬರೀ ಅವಳ ತೂತು. ಅದಕ್ಕೇ ಇಲ್ಲಿ ಮೊಗ್ಗಿಲ್ಲ. ಮೊಗ್ಗು ಅವನ ಕುಂಚದಲ್ಲಿತ್ತು, ಹಾಳೆಯಲ್ಲಿರಲಿಲ್ಲ. ಬರೆದವನಿಗೆ ಮೂರು ತೂತು ಕಂಡವು, ಮೂರು ಚುಕ್ಕಿ ಇಟ್ಟ.

ಹನ್ನೊಂದರ ಹೊತ್ತಿಗೆ ಹಣಮಂತ ಬಂದ. ನಲವತ್ತು ದಾಟಿದ, ಕುಳ್ಳನೆಯ, ಕಪ್ಪು ಮನುಷ್ಯ. ಗೋಡೆಗೆ ಸುಣ್ಣ ಹಚ್ಚುವವನು. ಅವನ ಹೆಗಲ ಮೇಲೆ ನನ್ನ ಅಂಗಡಿಯ ಪಟ್ಟಾಪಟ್ಟಿ ಬಟ್ಟೆಯ ಕೈಚೀಲ ಇತ್ತು.

ನಾನು ಅವನ ಕೊರಳಪಟ್ಟಿಗೆ ಕೈ ಹಾಕಿದೆ. ಸರ್ವರಿ "ಬಿಡ್ರಿ ಅಣ್ಣಾ, ಹೇಳ್ಲಿ," ಎಂದಳು. ಅವನು ಓಡಲಿಲ್ಲ. ಯಾರಾದರೂ ಒಂದು ದಿನ ಕೇಳುತ್ತಾರೆಂದು ಕಾಯುತ್ತಿದ್ದವನ ಹಾಗೆ ನೆಲದ ಮೇಲೆ ಕುಕ್ಕರುಗಾಲಿನಲ್ಲಿ ಕುಳಿತ.

"ನಾ ಏನೂ ಮಾಡಿಲ್ಲರಿ ಸಾವಕಾರ್ರ. ಎಲ್ಲಾ ಆದ ಮ್ಯಾಲ ನಮ್ಮನ್ನ ಹಿಡಕೊಂಡು ಹೋದ್ರು, ಬಾವಿಗೆ ಮಣ್ಣು ಹಾಕ್ರಿ ಅಂತ. ಹಾದಿ ಮಗ್ಗಲದ ಬಾವಿ. ಚೀಲ ಕಟ್ಟಿ ಮ್ಯಾಲ ಇತ್ತರಿ. ಯಾರೂ ಮುಟ್ಟಿದ್ದಿಲ್ಲ, ಬರೇ ಕಾಗದ ಅದಾವಂತ."

"ಬಾವ್ಯಾಗ ನೋಡಿದ್ಯೇನು?" ಎಂದು ಸರ್ವರಿ ಕೇಳಿದಳು.

ಅವನು ನನ್ನ ಕಡೆ ನೋಡಿದ. ನಾನು ಬೇರೆಲ್ಲೋ ನೋಡಿದೆ.

"ಮ್ಯಾಲ ಇದ್ದಾಂವ್ನ ಒಂದು ಕೈ ಕಾಣ್ತಿತ್ತವಾ," ಎಂದ ಅವನು. "ಉಗುರಿನ ತುಂಬ ನೀಲಿ ಬಣ್ಣ ಇತ್ತು. ಅದಕ್ಕ ನೆನಪದ."

ಸರ್ವರಿ ಚೀಲ ಕೊಡೆಂದು ಕೈ ಚಾಚಿದಳು. ಅವನು ಕೊಟ್ಟ. ಒಳಗೆ ದಪ್ಪ ಕಟ್ಟು. ಹಾಳೆಗಳನ್ನು ಅಕ್ಷರ ಅಕ್ಷರವಾಗಿ ಕತ್ತರಿಸಿ, ಒಂದರ ಮೇಲೊಂದು ಜೋಡಿಸಿ, ದಾರ ಸುತ್ತಿತ್ತು. ಹತ್ತು ಅಂಗಡಿಗಳ ಬೋರ್ಡಿನಿಂದ ಒಂದೊಂದಾಗಿ ಕೂಡಿಸಿದ ಇಡೀ ಕನ್ನಡ, ಸೊನ್ನೆ ಕೊಂಬು ಎಲ್ಲವೂ. ಮೇಲೊಂದು ಉರ್ದು ಚೀಟಿ.

ಹಣಮಂತ ಮೆತ್ತಗೆ, "ಅವು ಹೋದ್ರ ನನಗ ಒಂದಕ್ಷರ ಬರಿಯಾಕ ಬರೋದಿಲ್ಲರಿ. ಈಗ ನಾಕು ಮಂದಿ ಪೇಂಟರ್ ಅಂತ ಕರಿಯಾಕತ್ತಾರ," ಎಂದ.

ಬೈಯುವುದನ್ನು ಬಿಟ್ಟು ನಾನು ಹೋಟೆಲಿನವನ ಏಣಿಯನ್ನು ಇದ್ದಲ್ಲಿಗೆ ಇಟ್ಟು ಬಂದೆ.

ತಿರುಗಿ ಬರುವ ಬಸ್ಸಿನಲ್ಲಿ ಅವಳು ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು. ದಾರಿಯ ಬದಿಯ ಬಾವಿ ಯಾವುದೆಂದು ನಾನು ಕೇಳಿಕೊಂಡಿದ್ದೆ. ಬಸ್ಸು ಅದನ್ನು ದಾಟುವಾಗ ಅವಳಿಗೆ ತೋರಿಸಲಿಲ್ಲ. ಅರ್ಧ ದಾರಿ ಆದ ಮೇಲೆ ಅವಳೇ ಮಾತಾಡಿದಳು.

"ಬ್ಯಾರೆ ಯಾರೂ ಇದ್ದಿಲ್ಲ, ಅಣ್ಣಾ."

"ಹೌದವಾ."

"ಇದ್ದಿದ್ರ ಚಲೋ ಇತ್ತು," ಎಂದಳು.

ಕಲ್ಯಾಣಕ್ಕೆ ಬಂದು ನೇರವಾಗಿ ಮೌಲ್ವಿ ಸಿರಾಜುದ್ದೀನರ ಮನೆಗೆ ನಡೆದಳು. ನಾನೂ ಹಿಂದೆ ಹೋದೆ, ಬೇಡ ಎನ್ನಲಿಲ್ಲ. ಮೌಲ್ವಿಗಳು ಮುದುಕರು, ಜಗುಲಿಯ ಮೇಲೆ ಬಿಸಿಲಿಗೆ ಕುಳಿತಿದ್ದರು. ಹಣಮಂತ ಹೇಳಿದ್ದನ್ನೆಲ್ಲ ನಾನು ಹೇಳಿದೆ. ಅವರು ಕಣ್ಣು ಮುಚ್ಚಿ ಏನೋ ಹೇಳಿಕೊಂಡರು. ಸರ್ವರಿ ಆ ಉರ್ದು ಚೀಟಿಯನ್ನು ಮುಂದಿಟ್ಟಳು, ಓದಲು ಅವಳಿಗೆ ಅದೂ ಬರುವುದಿಲ್ಲ.

"ಗುಲಬರ್ಗಾದ ಛಾಪಖಾನೆಯವರಿಗೆ ಬರೆದದ್ದು," ಎಂದರು ಅವರು. "ಈ ಅಕ್ಷರ ಕಟ್ಟಿಗೆಯಲ್ಲಿ ಕೊರೆಸಬೇಕಂತ. ಹುಮನಾಬಾದದ ಕೆಲಸ ಮುಗಿಸಿ ಹಂಗೇ ಬರ್ತೀನಿ ಅಂದಾನ. ಅಕ್ಷರದ ಹೆಸರು 'ಖತ್-ಎ-ಸರ್ವರಿ' ಅಂತ ಇಟ್ಟಾನ." ಅವಳಿಗೆಂದು ಬಿಡಿಸಿ ಹೇಳಿದರು. "ಸರ್ವರಿಯ ಬರಹ ಅಂತ, ಬೇಟಿ. ನಿನ್ನ ಹೆಸರು."

ಅವಳು ಅದನ್ನು ಕೇಳಿದಳೋ ಇಲ್ಲವೋ. "ನಾ ಇದ್ದತ್ತಿಗೆ ಇವತ್ತಿಂದ ಕೂಡಬೇಕೇನ್ರಿ, ನಾಳಿಂದ ಕೂಡಬೇಕೇನ್ರಿ?" ಎಂದು ಕೇಳಿದಳು. ಗಂಡ ಸತ್ತ ಮೇಲೆ ನಾಲ್ಕು ತಿಂಗಳು ಹತ್ತು ದಿನ ಹೊರಗೆ ಕಾಲಿಡದೆ ಮನೆಯಲ್ಲಿ ಕೂರುವುದು ಅವರಲ್ಲಿ ಇದೆ.

"ಸತ್ತ ದಿನದಿಂದ ಎಣಿಸಬೇಕು ಬೇಟಿ. ಸುದ್ದಿ ಬಂದ ದಿನದಿಂದಲ್ಲ," ಎಂದರು ಮೌಲ್ವಿಗಳು. "ಯಾವ ದಿನ ಅಂತ ಯಾರಿಗರೆ ಗೊತ್ತದೇನು?"

"ಅಣ್ಣಾಗೆ ಗೊತ್ತದ," ಎಂದಳು ಸರ್ವರಿ.

ಅಷ್ಟು ದಿನ ಅವಳು ಅನ್ನದೆ ಉಳಿಸಿದ್ದ ಮಾತು ಅದು. ಸಿಟ್ಟಿನಿಂದ ಅನ್ನಲಿಲ್ಲ, ಗೊತ್ತಿದ್ದವರನ್ನು ತೋರಿಸಿದಳು ಅಷ್ಟೆ. ನಾನು ಬಾಯಿ ತೆರೆಯಬೇಕಾಯಿತು.

"ನಾ ಕಳಿಸಿದ್ದು ನಲವತ್ತೆಂಟರ ಸೆಪ್ಟೆಂಬರ್ ಇಪ್ಪತ್ತೆರಡು. ಬುಧವಾರ," ಎಂದೆ. "ಅವತ್ತು ಸಂಜಿ ಮುಟ್ಟಬೇಕಿತ್ತು, ಮುಟ್ಟಲಿಲ್ಲ. ಅವತ್ತ ಇರಬೇಕು."

"ಬಕ್ರೀದಿನ ಹಿಂದಿನ ತಿಂಗಳು," ಎಂದುಕೊಂಡು ಮೌ‌ಲ್ವಿಗಳು ಬೆರಳ ಗೆಣ್ಣು ಎಣಿಸಿದರು. ಜಿಲ್ಹಜ್, ಮೊಹರಂ, ಸಫರ್, ರಬಿ-ಉಲ್-ಅವ್ವಲ್. ಮೇಲೆ ಹತ್ತು ದಿನ. ಬೆರಳು ನಿಂತವು. "ನಿನ್ನ ಇದ್ದತ್ ಮುಗಿದು ವರ್ಷದ ಮ್ಯಾಲಾತು, ಬೇಟಿ. ಈಗ ನೀ ಕೂಡೋದೇನೂ ಇಲ್ಲ."

ಸರ್ವರಿ ನನ್ನ ಮುಖ ನೋಡಿದಳು, ಅವರ ಮುಖ ನೋಡಿದಳು. "ನಾ ಆಗ ಹಸಿರು ಬಳಿ ಇಟ್ಟಿದ್ದೆ," ಎಂದಳು. "ದಿನಾ ಬಾವಿಗೆ ನೀರಿಗೆ ಹೋಗ್ತಿದ್ದೆ. ಎಲ್ಲಾರ ಜೋಡಿ ನಕ್ಕಿದ್ದೆ. ಹಂಗಾದ್ರ ನಾ ಅವರಿಗಾಗಿ ಕುಂತದ್ದ ಇಲ್ಲ?"

ಮೌಲ್ವಿಗಳು ಚೀಟಿ ಮಡಿಸಿ ಅವಳ ಕೈಗೆ ಕೊಟ್ಟರು.

ಅವತ್ತು ಸಂಜೆ ಅವಳು ಒಲೆ ಹೊತ್ತಿಸಿ ಕಟ್ಟಿನ ದಾರ ಬಿಚ್ಚಿದಳು. ನಾನು ಬಾಗಿಲಲ್ಲಿ ನಿಂತು, "ಬ್ಯಾಡ ತಂಗಿ, ನಾ ಗುಲಬರ್ಗಾಕ್ಕ ಹೋಗಿ ಕೊರಸ್ತೀನಿ," ಎಂದೆ. "ಬಳಸಿದ ಖಾಕಾ ಒಲಿಗೆ ಹೋಗಬೇಕ್ರಿ ಅಣ್ಣಾ, ಅವರು ಹಾಕಿದ ಕಟ್ಟಳಿ," ಎಂದು ಒಂದೊಂದೇ ಅಕ್ಷರ ಎತ್ತಿ ಬೆಂಕಿಗೆ ಹಿಡಿದಳು. ಹಿಡಿಯುವ ಮೊದಲು ಪ್ರತಿಯೊಂದನ್ನೂ ಬೆಳಕಿಗೆ ಹಿಡಿದು ತೂತು ಎಣಿಸುತ್ತಿದ್ದಳು. ಚೀಟಿಯನ್ನೂ ಹಾಕಿದಳು.

ನನ್ನ ಅಂಗಡಿಯ ಬೋರ್ಡು ಈಗಲೂ ಇದೆ. ನೀಲಿ ಗೆರೆ ಅಲ್ಲಲ್ಲಿ ಉದುರಿದೆ, ತಿದ್ದುವವರು ಯಾರೂ ಇಲ್ಲ. ಸರ್ವರಿ ಎಂಟು ದಿನಕ್ಕೊಮ್ಮೆ ಬಟ್ಟೆಯ ತುಂಡು ಒಯ್ಯಲು ಬರುತ್ತಾಳೆ. ಹುಮನಾಬಾದಿನಿಂದ ಯಾರಾದರೂ ಬಂದಿದ್ದರೇ ಎಂದು ಈಗ ಕೇಳುವುದಿಲ್ಲ.